ಆರು ವರ್ಷದ ಖಾಲಿ ಬಿಲ್ಲೆ

ಹುಸೇನಣ್ಣಾರಿಗೆ, ಡಾರ್ಕ್‌ರೂಮಿನ ನೀಲವ್ವ ಬರೆಯುವುದು.

ಕಾಗದ ಶುರು ಮಾಡುವಾಗ ‘ಇತ್ತ ನಾವು ಕ್ಷೇಮ, ಅತ್ತ ನಿಮ್ಮ ಕ್ಷೇಮ ತಿಳಿಸಿರಿ’ ಎಂದು ಬರೆಯಬೇಕೆಂದು ಸಾಲೆಯಲ್ಲಿ ಕಲಿಸಿದ್ದರು. ಏಳನೆಯ ಇಯತ್ತೆಯವರೆಗೆ ಕಲಿತದ್ದರಲ್ಲಿ ಗಟ್ಟಿಯಾಗಿ ಉಳಿದಿರುವುದು ಅದೊಂದು ಸಾಲು. ಇವತ್ತು ಅದರ ಮೊದಲರ್ಧ ನಿಜವಲ್ಲ. ಎರಡನೆಯ ಅರ್ಧವನ್ನು ಕೇಳುವ ಹಕ್ಕು ನನಗಿಲ್ಲ. ನೀವು ಹೋಗಿ ಇದು ಮೂರನೆಯ ಬೇಸಿಗೆ. ಇಷ್ಟು ದಿನವೂ ನಾನು ಡೈರಿ ಬರೆಯುವುದನ್ನು ಬಿಟ್ಟಿಲ್ಲ. ಯಾವ ಬಸ್ಸು ತಪ್ಪಿತು, ಯಾರ ಮನೆಯಲ್ಲಿ ಕೂಸು ಹುಟ್ಟಿತು, ನೀರು ಬಂತೋ ಇಲ್ಲವೋ, ಎಲ್ಲ ಬರೆದೆ. ಒಂದು ಮಾತನ್ನು ಮಾತ್ರ ಬರೆಯಲಿಲ್ಲ. ನಿಮ್ಮ ಎದೆಯ ಮೇಲೆ ಚುಚ್ಚಿಕೊಳ್ಳುತ್ತಿದ್ದಿರಲ್ಲ, ಆ ಬಿಲ್ಲೆಯ ಮಾತು. ಬದುಕಿದ್ದಾಗ ನಿಮ್ಮ ಮುಂದೆ ಬಾಯಿ ಬಿಡಲಿಲ್ಲ. ಈಗಲಾದರೂ...

ಎಮರ್ಜೆನ್ಸಿ ಬಂದ ವರ್ಷ ನೀವು ಹೆಣ್ಣುಮಕ್ಕಳ ವಾರ್ಡಿನ ಬಾಗಿಲಲ್ಲಿ ಬಂದು ನಿಂತದ್ದು ಕಣ್ಣಿಗೆ ಕಟ್ಟಿದೆ. ಬಾಗಲಕೋಟೆಯ ಪೇಟೆಯವರು ನಡೆಸುವ ಆ ಧರ್ಮದ ದವಾಖಾನೆಗೆ ನಾನು ಸೇರಿ ಆರು ತಿಂಗಳಾಗಿತ್ತು. ಗುಳೇದಗುಡ್ಡದಲ್ಲಿ ಖಣ ನೇಯುವ ಮನೆಯ ಮಗಳು, ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ರೋಗಿಗಳ ಪಾತ್ರೆ ತೊಳೆಯುತ್ತಿದ್ದೆ. ನೀವು ಒಳಗೆ ಬರದೆ ಅಲ್ಲಿಂದಲೇ ಕೇಳಿದಿರಿ:

“ನಿಮ್ಮೊಳಗ ಓದಾಕ ಬರೋ ಆಯಾ ಯಾರದಾರವಾ?”

ಉಳಿದವರು ನನ್ನನ್ನು ಮುಂದೆ ನೂಕಿದರು.

“ಕತ್ತಲಿಗೆ ಅಂಜ್ತಿಯೇನು?”

“ಗಂಡ ಇಲ್ಲದ ಮನಿಯಾಗ ಒಬ್ಬಾಕಿ ಇರ್ತೇನ್ರಿ. ಕತ್ತಲ ನನಗೇನ ಮಾಡ್ತೈತಿ?”

“ಹಂಗಾರ ಬಾ. ನಮ್ಮ ಕತ್ತಲದಾಗ ಒಂದ ಕೆಂಪ ದೀಪ ಆದ್ರೂ ಐತಿ.”

ಆ ಕೆಂಪು ದೀಪದ ಕೆಳಗೆ ನೀವು ನನಗೆ ಎಕ್ಸರೇ ಫಿಲ್ಮು ತೊಳೆಯುವುದನ್ನು ಕಲಿಸಿದಿರಿ. ಮೊದಲ ನೀರಿನಲ್ಲಿ ಎಷ್ಟು ಎಣಿಕೆ, ಎರಡನೆಯದರಲ್ಲಿ ಎಷ್ಟು, ಯಾವಾಗ ಬೆಳಕಿಗೆ ತೋರಿಸಬಹುದು. ಎಳೆ ಎಣಿಸಿ ರೂಢಿಯಾದ ಕೈ ನನ್ನದು, ಎಣಿಕೆ ತಪ್ಪುತ್ತಿರಲಿಲ್ಲ. “ನೀನು ಗಡಿಯಾರಕ್ಕಿಂತ ಖರೆ ಅದೀ ನೋಡು” ಎಂದಿರಿ ಒಂದು ದಿನ. ಗಂಡ ಹೋದ ಮೇಲೆ ಯಾರಾದರೂ ನನ್ನನ್ನು ಹೊಗಳಿದ್ದು ಅದೇ ಮೊದಲು. ನಿಮ್ಮನ್ನು ಅಣ್ಣಾ ಎಂದು ಕರೆದದ್ದೂ ಅವತ್ತೇ.

ದಿನಾ ಮುಂಜಾನೆ ಮಷೀನು ಬಿಸಿಯಾದ ಕೂಡಲೆ ನೀವು ಎಡಗೈಯನ್ನು ಅದರ ಮುಂದೆ ಹಿಡಿದು ಹಸಿರು ಪರದೆಯಲ್ಲಿ ನೋಡುತ್ತಿದ್ದಿರಿ. ಬೆರಳಿನ ಎಲುಬು ಒಂದೊಂದಾಗಿ ಮೂಡುತ್ತಿತ್ತು. “ಎಲಬು ಚಂದ ಕಂಡ್ರ ಮಷೀನ್ ಚಂದ ಐತಿ. ರೋಗಿಗಿಂತ ಮೊದಲ ನಾವು ನೋಡಬೇಕಲಾ?” ಹಾಗೆ ಮಾಡುವುದನ್ನು ನಿಮ್ಮ ಉಸ್ತಾದರು ಕಲಿಸಿದ್ದರಂತೆ. ಆ ಉಸ್ತಾದರ ಕೈ ಕಡೆಗೆ ಏನಾಯಿತು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತಲ್ಲವೇ? ನೀವಾದರೂ ಹೇಳಬಹುದಿತ್ತಲ್ಲ. ನನಗೇನು ಗೊತ್ತು, ಆ ಹಸಿರು ಬೆಳಕಿನಲ್ಲಿ ನಿಮ್ಮ ಕೈ ನೋಡುವುದು ನನಗೆ ದೇವರ ಮುಂದೆ ದೀಪ ಹಚ್ಚಿದಷ್ಟೇ ಸಹಜವಾಗಿಬಿಟ್ಟಿತ್ತು.

ಕೆಟ್ಟ ಫಿಲ್ಮುಗಳನ್ನು ನೀವು ಬಿಸಾಡುತ್ತಿರಲಿಲ್ಲ. ಒಂದು ಹಳೆಯ ನೋಟುಬುಕ್ಕಿನಲ್ಲಿ ಪ್ರತಿಯೊಂದರ ಕಾರಣ ಬರೆಸುತ್ತಿದ್ದಿರಿ: ರೋಗಿ ಉಸಿರು ಬಿಟ್ಟ, ಕೂಸು ಅಲುಗಿತು, ನೀಲವ್ವ ನೀರು ಬದಲಿಸಲಿಲ್ಲ, ಹುಸೇನ ತೂಕಡಿಸಿದ. ನಿಮ್ಮ ತಪ್ಪನ್ನೂ ನನ್ನ ಕೈಯಿಂದಲೇ ಬರೆಸುತ್ತಿದ್ದಿರಿ. “ಒಂದ ಫಿಲ್ಮ್ ಕೆಟ್ರ ಆ ಮನಿಷಾಗ ಎರಡ ಸಲ ಕಿರಣ ಬೀಳ್ತಾವು. ಅದು ನಮ್ಮ ಪಾಪ” ಎನ್ನುತ್ತಿದ್ದಿರಿ. ತಿಂಗಳ ಕೊನೆಗೆ ಇಬ್ಬರೂ ಕುಳಿತು ಅದನ್ನು ಓದುತ್ತಿದ್ದೆವು. ಯಾರೂ ಹೇಳದೆ, ಯಾರೂ ಕೇಳದೆ ನೀವು ಅಷ್ಟು ಶುದ್ಧವಾಗಿ ಕೆಲಸ ಮಾಡುತ್ತಿದ್ದಿರಿ. ಅಂಥವರ ಕೋಣೆಯಲ್ಲೇ ನಾನು...

ಮುಂಬಯಿಯಿಂದ ಆ ಪಾರ್ಸೆಲ್ಲು ಬಂದ ದಿನ ನೀವು ಹೊಸ ಅಂಗಿ ತೊಟ್ಟವರ ಹಾಗೆ ಓಡಾಡಿದಿರಿ. ಬೆಂಕಿಪೊಟ್ಟಣದಷ್ಟು ಬಿಲ್ಲೆ, ಹಿಂದೆ ಪಿನ್ನು, ಒಳಗೆ ಕಾಗದ ಸುತ್ತಿದ ಒಂದು ಸಣ್ಣ ಫಿಲ್ಮು, ಅದರ ಮೇಲೆ ನಂಬರು. ನಿಮಗೊಂದು, ನನಗೊಂದು. ಅದನ್ನು ಎದೆಗೆ ಹಾಕಿಕೊಂಡು ಒಂದು ತಿಂಗಳು ಕೆಲಸ ಮಾಡಬೇಕು, ಆಮೇಲೆ ಒಳಗಿನ ಫಿಲ್ಮು ಮುಂಬಯಿಗೆ ಹೋಗಬೇಕು, ಅಲ್ಲಿನ ಪ್ರಯೋಗಶಾಲೆಯವರು ಅದನ್ನು ತೊಳೆದು ನಮ್ಮ ಮೈಗೆ ಎಷ್ಟು ಕಿರಣ ಬಿದ್ದಿವೆ ಎಂದು ಬರೆದು ತಿಳಿಸಬೇಕು. “ನೀಲವ್ವಾ, ಇದು ನಮ್ಮ ಸಾಕ್ಷಿ. ನಾವು ಸುಳ್ಳ ಹೇಳಬಹುದು, ಇದು ಹೇಳೂದಿಲ್ಲ” ಎಂದಿರಿ. ತಿಂಗಳಿಗೊಮ್ಮೆ ಹಳೆಯ ಫಿಲ್ಮು ತೆಗೆದು ಹೊಸದು ಹಾಕಿ ಪೋಸ್ಟಿಗೆ ಕೊಡುವ ಕೆಲಸವನ್ನು ನನಗೆ ಒಪ್ಪಿಸಿದಿರಿ. ಎಣಿಕೆ ತಪ್ಪದವಳು ಎಂಬ ನಂಬಿಕೆಯಿಂದ.

ಮೊದಲ ವರ್ಷ ಮುಗಿಯುವ ಮೊದಲೇ ಮುಂಬಯಿಯ ಆ ಕಾಗದ ಬಂತು. ನಿಮ್ಮ ಫಿಲ್ಮು ಮಿತಿ ಮೀರಿ ಕಪ್ಪಾಗಿದೆ, ಕಾರಣ ಹುಡುಕಿರಿ, ಈ ಮನುಷ್ಯನನ್ನು ಮೂರು ತಿಂಗಳು ಕಿರಣದ ಕೆಲಸದಿಂದ ದೂರ ಇಡಿರಿ ಎಂದು ಬರೆದಿತ್ತು. ಕಾರಣ ಹುಡುಕುವುದೇನಿತ್ತು? ತಾಯಂದಿರು ಹೆದರಿ ಹೊರಗೆ ಓಡುತ್ತಿದ್ದರು, ಅಳುವ ಮಕ್ಕಳನ್ನು ನೀವೇ ಎದೆಗೆ ಒತ್ತಿ ಹಿಡಿಯುತ್ತಿದ್ದಿರಿ. ಕಿರಣ ತಡೆಯಲು ಇದ್ದ ಒಂದು ಸೀಸದ ಏಪ್ರನ್ನು ಹರಿದು ಬಿರುಕು ಬಿಟ್ಟಿತ್ತು. ದವಾಖಾನೆಯ ಕಮಿಟಿಯ ಕಾರ್ಯದರ್ಶಿಗಳು ಹೊಸ ಏಪ್ರನ್ನಿನ ಮಾತು ಎತ್ತಲಿಲ್ಲ. “ಹುಸೇನಸಾಬ್, ರೋಗಿಗಳ ಚೀಟಿ ಬರಕೋತ ಕಿಟಕಿಯಾಗ ಕುಂಡ್ರಿ. ಕೋಣಿಗೆ ಕೀಲಿ ಹಾಕ್ರಿ. ಇಂಥಾ ಕಾಗದ ಇನ್ನೊಮ್ಮಿ ಬಂದ್ರ ಮಷೀನೂ ಬ್ಯಾಡ, ನೀವೂ ಬ್ಯಾಡ” ಎಂದುಬಿಟ್ಟರು. ನಾನು ಮತ್ತೆ ವಾರ್ಡಿನ ಪಾತ್ರೆಗಳ ಮುಂದೆ ಕುಳಿತೆ.

ಆ ಮೂರು ತಿಂಗಳಲ್ಲಿ ಒಂದು ದಿನ ಗುಡೂರಿನ ಮುದುಕಿಯೊಬ್ಬಳನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದರು. ಮಾಳಿಗೆಯಿಂದ ಬಿದ್ದು ಟೊಂಕ ಮುರಿದಿತ್ತು. ಎಕ್ಸರೇ ಇಲ್ಲ, ಬಿಜಾಪುರಕ್ಕೆ ಒಯ್ಯಿರಿ ಎಂದು ಡಾಕ್ಟರು ಹೇಳಿದರು. ಅವಳು ಬಿಜಾಪುರ ಮುಟ್ಟಲಿಲ್ಲ. ಸುದ್ದಿ ತಿಳಿದಾಗ ನೀವು ಚೀಟಿಯ ಕಿಟಕಿಯಲ್ಲಿ ಪೆನ್ನು ಕೆಳಗಿಟ್ಟು ಕುಳಿತಿದ್ದಿರಿ. ನಾನು ಹತ್ತಿರ ಬಂದದ್ದು ನೋಡಿ, “ಆ ಒಂದ ಹಾಳ ಕಾಗದ ಬರದಿದ್ರ, ನೀಲವ್ವಾ...” ಎಂದಿರಿ. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಬರೀ ದುಃಖ. ನಾನು ಅದನ್ನು ಅಪ್ಪಣೆ ಎಂದುಕೊಂಡೆ. ಹಾಗೆಂದುಕೊಳ್ಳುವುದು ನನಗೂ ಬೇಕಾಗಿತ್ತು, ಅಣ್ಣಾ. ಪಾತ್ರೆ ತೊಳೆಯುವ ಕಲ್ಲಿನಿಂದ ಎದ್ದು ಕೆಂಪು ದೀಪಕ್ಕೆ ಮರಳಬೇಕು ಎಂಬ ಆಸೆ ಎಷ್ಟಿತ್ತು, ಮುದುಕಿಯ ಮೇಲಿನ ಮರುಕ ಎಷ್ಟಿತ್ತು ಎಂದು ಇವತ್ತಿಗೂ ಬೇರೆ ಬೇರೆ ಮಾಡಲು ನನಗೆ ಬಂದಿಲ್ಲ.

ಕೋಣೆಯ ಕೀಲಿ ತೆಗೆದ ಮೊದಲ ತಿಂಗಳೇ ನಾನು ಅದನ್ನು ಮಾಡಿದೆ. ಮುಂಬಯಿಯಿಂದ ಬಂದ ನಿಮ್ಮ ಫಿಲ್ಮನ್ನು ಬಿಲ್ಲೆಗೆ ಹಾಕಲಿಲ್ಲ. ಆಫೀಸಿನ ಕಪಾಟಿನಲ್ಲಿ, ಕಿರಣ ಮುಟ್ಟದ ಜಾಗದಲ್ಲಿ, ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟೆ. ನಿಮ್ಮ ಬಿಲ್ಲೆಗೆ ಒಂದು ಹಳೆಯ, ಕೆಟ್ಟ ಫಿಲ್ಮಿನ ತುಂಡನ್ನು ಅದೇ ಥರದ ಕಾಗದದಲ್ಲಿ ಸುತ್ತಿ ಸೇರಿಸಿ, ಮೇಲೆ ಪೆನ್ಸಿಲಿನಿಂದ ನಿಮ್ಮ ನಂಬರು ಬರೆದೆ. ತಿಂಗಳು ಮುಗಿದಾಗ ಡಬ್ಬಿಯಲ್ಲಿದ್ದ ಫಿಲ್ಮನ್ನು ಮುಂಬಯಿಗೆ ಕಳಿಸಿದೆ. ಅವರು ಅದನ್ನು ತೊಳೆದು ‘ಏನೂ ಇಲ್ಲ’ ಎಂದು ಬರೆದರು. ಬರೆಯದೆ ಏನು ಮಾಡಿಯಾರು? ಮುಂದಿನ ತಿಂಗಳೂ ಹಾಗೆಯೇ. ಅದರ ಮುಂದಿನ ತಿಂಗಳೂ. ಆರು ವರ್ಷ, ಅಣ್ಣಾ. ಆರು ವರ್ಷ ನೀವು ಎದೆಗೆ ಚುಚ್ಚಿಕೊಂಡದ್ದು ಖಾಲಿ ಬಿಲ್ಲೆ.

ಮೊದಲ ‘ಏನೂ ಇಲ್ಲ’ ಬಂದ ದಿನ ನೀವು ಎರಡೆರಡು ಸಲ ಓದಿದಿರಿ. ಆ ಹೊತ್ತಿಗೆ ಬಡಿಗೇರನ ಹತ್ತಿರ ಒಂದು ಕಟ್ಟಿಗೆಯ ಪುಟ್ಟ ಕುರ್ಚಿ ಮಾಡಿಸಿದ್ದಿರಿ, ನೆನಪಿದೆಯೇ? ಮಗುವನ್ನು ಅದರಲ್ಲಿ ಕೂಡಿಸಿ ಪಟ್ಟಿ ಕಟ್ಟಿದರೆ ಯಾರೂ ಹಿಡಿಯಬೇಕಾಗಿರಲಿಲ್ಲ. ನಿಮ್ಮದೇ ಯೋಚನೆ, ನೀವೇ ಚಿತ್ರ ಬರೆದು ಕೊಟ್ಟದ್ದು. ಅದನ್ನು ಮೂಲೆಗೆ ಸರಿಸಿದಿರಿ. “ಪಟ್ಟಿ ಕಟ್ಟಿದ್ರ ಕೂಸು ಜೀವ ಹೋದಂಗ ಅಳತೈತಿ. ಮುಂಬಯಿದವ್ರು ಏನೂ ಇಲ್ಲ ಅಂತ ಬರದಾರ, ಮತ್ಯಾಕ ಅಂಜಬೇಕು? ನಾನ ಹಿಡೀತೇನಿ ಬಿಡು” ಎಂದಿರಿ. ನಾನು ಅಲ್ಲೇ ನಿಂತಿದ್ದೆ. ಕುರ್ಚಿಯ ಮೇಲೆ ಧೂಳು ಕೂತಿತು. ಕೊನೆಗೆ ಯಾರೋ ಅದನ್ನು ನೀರಿನ ಕೊಡ ಇಡಲು ಒಯ್ದರು.

ಬದಾಮಿಯ ಸಾಲೆಯ ಕೋಣೆಯಲ್ಲಿ ನಮ್ಮ ಸಂಘದ ಮೊದಲ ಸಭೆ ಸೇರಿದ ಭಾನುವಾರ ನಿಮಗೆ ಎಂಥ ಹುರುಪು! ಹುನಗುಂದ, ಇಲಕಲ್ಲ, ಗುಳೇದಗುಡ್ಡ, ಬದಾಮಿ, ಎಲ್ಲ ಕಡೆಯ ಎಕ್ಸರೇದವರು ಸೇರಿದರೂ ಒಂಬತ್ತು ಮಂದಿ. ತಲೆಗೊಂದು ಸೀಸದ ಏಪ್ರನ್ನು, ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಎಲ್ಲರಿಗೂ ಬಿಲ್ಲೆ, ಕಿರಣದ ಕೆಲಸದವರಿಗೆ ಹೆಚ್ಚಿನ ರಜೆ. ಈ ಬೇಡಿಕೆಗಳನ್ನು ನೀವು ಹೇಳಿದಿರಿ, ನಾನು ಬರೆದೆ. ಕೆಲಸ ಹೇಗೆ ಮಾಡಬೇಕೆಂದು ಕನ್ನಡದಲ್ಲಿ ನಾಲ್ಕು ಪುಟದ ಪುಸ್ತಿಕೆ ಮಾಡಿದ್ದಿರಿ. ಅದನ್ನೂ ನಾನೇ ಒಂಬತ್ತು ಪ್ರತಿ ಬರೆದಿದ್ದೆ. ಇಂಗ್ಲಿಷ್ ಪುಸ್ತಕ ಯಾರಿಗೂ ತಿಳಿಯುತ್ತಿರಲಿಲ್ಲ, ಇದ್ದದ್ದು ಅದೊಂದೇ. ಆಮೇಲೆ ನೀವು ಚೀಲದಿಂದ ಮುಂಬಯಿಯ ಕಾಗದಗಳ ಕಟ್ಟು ತೆಗೆದು ಒಂದೊಂದಾಗಿ ಓದಿದಿರಿ. ಏನೂ ಇಲ್ಲ. ಏನೂ ಇಲ್ಲ. ಏನೂ ಇಲ್ಲ.

ಇಲಕಲ್ಲದ ಮಲ್ಲಣ್ಣ, ಒಂಬತ್ತು ಮಂದಿಯಲ್ಲಿ ಎಲ್ಲರಿಗಿಂತ ಹೊಸಬ, ಚುರಮರಿ ಮುಕ್ಕುತ್ತ ಚಾಷ್ಟಿ ಮಾಡಿದ:

“ಹುಸೇನಣ್ಣಾ, ನಿನ್ನ ಮೈ ಕಂಡ್ರ ಕಿರಣಗೋಳು ಸಲಾಮ್ ಹೊಡದು ವಾಪಸ್ ಹೊಕ್ಕಾವೇನು?”

ಎಲ್ಲರೂ ನಕ್ಕರು. ನೀವೂ ನಕ್ಕಿರಿ. “ಲೇ ಮಲ್ಯಾ, ನಾ ನಿಂತಂಗ ನಿಂದರು, ನಾ ಹಿಡದಂಗ ಹಿಡಿ. ನಿನಗೂ ಏನೂ ಬರೂದಿಲ್ಲ.”

ಎದ್ದು ತೋರಿಸಿದಿರಿ, ಹೇಗೆ ನಿಲ್ಲಬೇಕು, ಮಗುವನ್ನು ಹೇಗೆ ಹಿಡಿಯಬೇಕು ಎಂದು. ಎಂಟು ಮಂದಿ ಕಣ್ಣಿಟ್ಟು ನೋಡಿದರು. ನಾನು ಚಹಾ ಸೋಸುತ್ತಿದ್ದೆ. ಅಲ್ಲಿಯೇ, ಆಗಲೇ ಹೇಳಬಹುದಿತ್ತು. ಎಂಟು ಬಟ್ಟಲಿಗೆ ಚಹಾ ಹಾಕಿ ಒಂಬತ್ತನೆಯದನ್ನು ನಿಮ್ಮ ಕೈಗೆ ಕೊಟ್ಟೆ, ಅಷ್ಟೇ.

ಉಗುರಿನ ಮೇಲೆ ಕಪ್ಪು ಗೆರೆ ಬಿದ್ದದ್ದನ್ನು ನೀವೇ ಮೊದಲು ತೋರಿಸಿದಿರಿ. ಚಳಿಗಾಲದ ಬಿರುಕು ಎಂದು ಕೊಬ್ಬರಿ ಎಣ್ಣೆ ಹಚ್ಚಿದಿರಿ. ಎಡಗೈಯ ಚರ್ಮ ಒಣ ತೊಗಲಿನ ಹಾಗೆ ಗಡುಸಾಯಿತು. ನಡುಬೆರಳಿನಲ್ಲಿ ಒಂದು ಹುಣ್ಣು ಎದ್ದಿತು, ಮಾಯಲಿಲ್ಲ. ಹುಬ್ಬಳ್ಳಿಯಲ್ಲಿ ಮೊದಲು ಒಂದು ಬೆರಳು ತೆಗೆದರು, ಆಮೇಲೆ ಇನ್ನೊಂದು. ಊರು ತನಗೆ ತೋಚಿದ ಹೆಸರು ಇಟ್ಟಿತು. ಬೆರಳು ಉದುರುವ ರೋಗ ಜನಕ್ಕೆ ಗೊತ್ತಿದ್ದದ್ದು ಒಂದೇ ಅಲ್ಲವೇ? ಕುಷ್ಠ ಎಂದರು. ನೀವು ಇಪ್ಪತ್ತು ವರ್ಷ ಕುಳಿತ ಚಹಾದ ಅಂಗಡಿಯಲ್ಲಿ ನಿಮ್ಮ ಕಪ್ಪನ್ನು ಬೇರೆ ಇಟ್ಟರು. ಮಗಳು ಶಮ್‌ಶಾದಳಿಗೆ ಇಲಕಲ್ಲದಿಂದ ಗೊತ್ತಾಗಿದ್ದ ಸಂಬಂಧ ಮುರಿಯಿತು. ಹುಡುಗನ ಮಾವ ಬಂದು ಹೊಸ್ತಿಲ ಹೊರಗೇ ನಿಂತು, “ರಕ್ತದಾಗ ಇಳಿಯೋ ರೋಗ ನೋಡ್ರಿ, ನಾವು ಮಕ್ಕಳ ಮರಿ ನೋಡಬೇಕಲಾ” ಎಂದು ಹೇಳಿ ಹೋದನಂತೆ. ನಿಮ್ಮ ಮನೆಯವರು, ನಮ್ಮ ಭಾಭಿ, ಕೊಟ್ಟ ನೀರನ್ನೂ ಮುಟ್ಟಲಿಲ್ಲವಂತೆ.

ಕಮಿಟಿಗೆ ನೀವು ಅರ್ಜಿ ಕೊಟ್ಟಿರಿ. ಬೇರೇನೂ ಕೇಳಲಿಲ್ಲ. ಇದು ಮಷೀನಿನ ಕೆಲಸದಿಂದ ಬಂದದ್ದು ಎಂದು ಒಂದು ಕಾಗದ ಬರೆದುಕೊಡಿರಿ, ಊರಿಗೆ ತೋರಿಸುತ್ತೇನೆ, ನನ್ನ ಮಗಳ ಮದುವೆ ಆಗಬೇಕು ಎಂದಿರಿ. ಅವರ ಉತ್ತರವನ್ನು ನಿಮಗೆ ಓದಿ ಹೇಳಿದವಳೂ ನಾನೇ, ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ನಿಮಗೆ ಹಾಳೆ ಹಿಡಿಯಲು ಆಗುತ್ತಿರಲಿಲ್ಲ. ‘ಮುಂಬಯಿಯ ವರದಿಗಳ ಪ್ರಕಾರ ಆರು ವರ್ಷಗಳಿಂದ ಈ ನೌಕರನ ಮೈಗೆ ಕಿರಣ ಬಿದ್ದಿರುವುದಿಲ್ಲ. ಆದುದರಿಂದ ಸದರಿ ರೋಗಕ್ಕೂ ಕೆಲಸಕ್ಕೂ ಸಂಬಂಧವಿಲ್ಲ.’ ನನ್ನ ಧ್ವನಿ ನಡುಗಿತು. ನೀವು ಅದನ್ನು ಅಕ್ಕರೆ ಎಂದುಕೊಂಡಿರಿ.

“ನೀಲವ್ವಾ, ಬಿಲ್ಲೆ ಸುಳ್ಳ ಹೇಳೂದಿಲ್ಲಲಾ?”

ನಾನು ಹಾಳೆಯನ್ನು ಮಡಚಿಟ್ಟೆ.

“ಹಂಗಾರ ಇದು ಎಲ್ಲಿಂದ ಬಂತು? ನಾ ಯಾರಿಗೆ ಏನ ಮಾಡೇನಿ?”

“ಔಷಧ ತಗೋರಿ ಅಣ್ಣಾ, ಹೊತ್ತಾತು” ಎಂದೆ. ಕಂಕುಳಿನಲ್ಲಿ ಆಗಲೇ ಗಂಟು ಎದ್ದಿತ್ತು. ನಿಮಗೆ ಉಳಿದಿದ್ದದ್ದು ಎರಡು ತಿಂಗಳು. ಅಷ್ಟು ದಿನವೂ ನೀವು ನಿಮ್ಮ ಪಾಪವನ್ನೇ ಹುಡುಕುತ್ತಿದ್ದಿರಿ. ಹುಡುಗನಿದ್ದಾಗ ಯಾರದೋ ಹೊಲದಲ್ಲಿ ಕಡಲೆ ಕಿತ್ತದ್ದು, ಅವ್ವನಿಗೆ ಎದುರು ಮಾತಾಡಿದ್ದು. ಅದನ್ನೆಲ್ಲ ನನ್ನ ಮುಂದೆ ಹೇಳಿಕೊಂಡು ಅತ್ತಿರಿ. ಪಾಪ ನಿಮ್ಮ ಮಗ್ಗುಲಲ್ಲೇ ಕುಳಿತು ಬೀಸಣಿಗೆ ಬೀಸುತ್ತಿತ್ತು, ಅಣ್ಣಾ.

ನಿಮ್ಮನ್ನು ಕಬರಸ್ತಾನಕ್ಕೆ ಒಯ್ದ ದಿನ ಹೊರಲು ನಾಲ್ಕು ಹೆಗಲು ಸಿಕ್ಕವು. ಬದಲಿಸಿಕೊಳ್ಳಲು ಐದನೆಯದು ಇರಲಿಲ್ಲ. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು. ಆ ನಾಲ್ಕರಲ್ಲಿ ಒಬ್ಬ ನಿಮ್ಮ ತಮ್ಮ, ಒಬ್ಬ ಭಾಭಿಯ ಅಣ್ಣ, ಒಬ್ಬ ಹುನಗುಂದದ ಎಕ್ಸರೇದವ, ಇನ್ನೊಬ್ಬ ಮಲ್ಲಣ್ಣ. ಇಲಕಲ್ಲದಿಂದ ಮುಂಜಾನೆಯ ಬಸ್ಸಿಗೆ ಬಂದಿದ್ದ. ಹೆಗಲು ಕೊಟ್ಟವನು ಕೊನೆಯ ತನಕ ಇಳಿಸಲಿಲ್ಲ.

ಎರಡು ವರ್ಷ ಕಳೆಯಿತು. ನಾನು ಸುಮ್ಮನಿದ್ದೆ. ಹೇಳಿದರೆ ಸತ್ತವರು ಬರುತ್ತಾರೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಳೆದ ವರ್ಷ ನಾದಿನಿಯ ಮಗುವಿನ ಕೈ ಉಳುಕಿತೆಂದು ಇಲಕಲ್ಲಕ್ಕೆ ಒಯ್ದಿದ್ದೆ. ಮಲ್ಲಣ್ಣ ಮಗುವನ್ನು ಎದೆಗೆ ಒತ್ತಿ ಹಿಡಿದು, ಕೈಯನ್ನು ಚಾಚಿ, ಒಂದು ಕಾಲು ಹಿಂದಿಟ್ಟು ನಿಂತ. ಥೇಟ್ ನೀವು. ನಿಮ್ಮನ್ನೇ ಕಂಡ ಹಾಗಾಯಿತು. “ಮಲ್ಲಣ್ಣಾ, ಹಂಗ ಹಿಡೀಬ್ಯಾಡೋ” ಎಂದೆ.

“ಯಾಕಕ್ಕಾ? ಹುಸೇನಣ್ಣ ಕಲಿಸಿದ್ದಿದು.”

“ಹುಸೇನಣ್ಣ ಏನಾದ್ರು ಗೊತ್ತಿಲ್ಲೇನು?”

“ಅದು ಬ್ಯಾರೆ ರೋಗ ಅಲಾ? ಅವನ ಬಿಲ್ಲೇದಾಗ ಒಂದ ಚುಕ್ಕಿ ಬಂದಿಲ್ಲ. ನಾನ ಕೇಳೇನಿ ಬದಾಮ್ಯಾಗ.”

ಆ ಕಾಗದಗಳು ನಿಮ್ಮನ್ನು ಮುಗಿಸಿ ಈಗ ಅವನ ಮುಂದೆ ನಿಂತಿದ್ದವು. ಬಸ್ಸಿನಲ್ಲಿ ಮರಳುವಾಗ ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ನನಗೆ ಅಳುವೂ ಬರಲಿಲ್ಲ.

ಮರುದಿನ ನೇರ ನಿಮ್ಮ ಮನೆಗೆ ಹೋದೆ. ಮೊದಲು ಭಾಭಿಗೆ ಹೇಳದೆ ಬೇರೆಯವರಿಗೆ ಹೇಳಬಾರದು ಅನ್ನಿಸಿತು. ಅವರು ಪಡಸಾಲೆಯಲ್ಲಿ ಕುಳಿತು ನೇಕಾರರಿಗಾಗಿ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಗೋಡೆಯ ಮೇಲೆ, ಅಣೆಕಟ್ಟಿನ ನೀರಿಗೆ ಮುಳುಗಲಿರುವ ಮನೆಗಳಿಗೆ ಸರ್ವೆಯವರು ಬರೆದ ನಂಬರು ಹಾಗೆಯೇ ಇತ್ತು. ನಾನು ಎಲ್ಲ ಹೇಳಿದೆ, ಬಿಸ್ಕೀಟಿನ ಡಬ್ಬಿಯಿಂದ ಹಿಡಿದು. ರಾಟಿ ನಿಂತಿತು. ಭಾಭಿ ಎಳೆಯ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಅವ್ರಿಗೆ ಗೊತ್ತಿತ್ತೇನು?”

“ಇಲ್ಲ ಭಾಭಿ.”

“ಛಲೋ ಆತು. ಒಬ್ಬಾಕಿ ತಂಗಿ ಇದ್ಲು ಅಂತ ತಿಳ್ಕೊಂಡ ಹೋದ್ರು.”

ಇದಕ್ಕಿಂತ ಅವರು ಹೊಡೆಯಬಹುದಿತ್ತು. ಒಳಗಿನಿಂದ ಶಮ್‌ಶಾದ್ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. “ಎರಡ ವರ್ಷ ಯಾಕ ಸುಮ್ನಿದ್ರಿ ಅಕ್ಕಾರ?” ಎಂದು ಕೇಳಿದಳು. ಸಿಟ್ಟಿನಿಂದ ಅಲ್ಲ, ನಿಜವಾಗಿ ತಿಳಿಯಬೇಕು ಎಂಬಂತೆ. ಭಾಭಿ ಮತ್ತೆ ರಾಟಿಗೆ ಕೈ ಹಾಕಿದರು. “ಹೋಗು. ನಮ್ಮ ಮುಂದ ಹೇಳಿದ್ದನ್ನ ಎಲ್ಲಾರ ಮುಂದ ಹೇಳು. ಬರದು ಕೊಡು. ಆಮ್ಯಾಲೆ ಈ ಮನಿಗೆ ಬರಬ್ಯಾಡ” ಎಂದರು.

ಬರೆದು ಕೊಟ್ಟೆ, ಅಣ್ಣಾ. ಮೂರು ಪ್ರತಿ ಬರೆದೆ, ಕಮಿಟಿಗೆ ಒಂದು, ಸಂಘಕ್ಕೆ ಒಂದು, ಮುಂಬಯಿಗೆ ಒಂದು. ಕಾರ್ಯದರ್ಶಿಗಳು ಓದಿ, “ಸತ್ತಾವನ ಸಲುವಾಗಿ ಬದುಕಿದ್ದಾಕಿ ಯಾಕ ಸಾಯ್ತಿ? ಇದನ್ನ ಹರದು ಒಗೀತೇನಿ, ಸುಮ್ನ ಕೆಲಸಾ ಮಾಡು” ಎಂದರು. ಹರಿಯಬೇಡಿರಿ ಎಂದೆ. ಅದೇ ವಾರ ನನ್ನನ್ನು ಕೆಲಸದಿಂದ ತೆಗೆದರು. ನಿಮ್ಮ ಫೈಲಿನಲ್ಲಿ ಅವರ ಆ ಹಳೆಯ ಉತ್ತರವೇ ಇದೆ. ಅದನ್ನು ಬದಲಿಸಲು ಅವರು ಒಪ್ಪಿಲ್ಲ. ಸಂಘದವರು ಮೂರು ಸಲ ಹೋಗಿ ಕೇಳಿದ್ದಾರೆ, ಇನ್ನೂ ಹೋಗುತ್ತಾರೆ.

ಮುಂಬಯಿಯಿಂದ ಮಾತ್ರ ಉತ್ತರ ಬಂತು. ನಿಮಗೆ ತಲುಪದ ಸುದ್ದಿ ಅದು, ಅದಕ್ಕೇ ಬರೆಯುತ್ತಿದ್ದೇನೆ. ಎದೆಯ ಮೇಲಿನ ಬಿಲ್ಲೆ ಸರಿಯಾಗಿದ್ದರೂ ಕೈಗೆ ಬಿದ್ದದ್ದನ್ನು ಪೂರಾ ಹೇಳಲಾರದು, ದಿನಾ ಕೈಯಿಟ್ಟು ಮಷೀನು ನೋಡುವುದೇ ದೊಡ್ಡ ತಪ್ಪು, ರೋಗ ಯಾವ ವರ್ಷ ಹತ್ತಿತು ಎಂದು ಈಗ ಯಾರೂ ಹೇಳಲಾರರು, ಆರು ವರ್ಷದ ವರದಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಬರೆದಿದ್ದರು. ಹುಬ್ಬಳ್ಳಿಯ ಡಾಕ್ಟರರ ಕಾಗದ ನೋಡಿದರೆ ಇದು ಕಿರಣದಿಂದ ಬಂದ ಕ್ಯಾನ್ಸರು, ಒಬ್ಬರಿಂದ ಒಬ್ಬರಿಗೆ ಹತ್ತುವುದಲ್ಲ, ಮಕ್ಕಳಿಗೆ ರಕ್ತದಲ್ಲಿ ಇಳಿಯುವುದಲ್ಲ ಎಂದೂ ಬರೆದಿದ್ದರು. ನೀವು ಯಾರಿಗೂ ಏನೂ ಮಾಡಿರಲಿಲ್ಲ, ಅಣ್ಣಾ. ಅದು ಎಲ್ಲಿಂದ ಬಂತು ಎಂದು ಕೇಳಿದ್ದಿರಲ್ಲ, ಅಲ್ಲಿಂದ ಬಂತು. ಮಷೀನಿನಿಂದ, ಹರಿದ ಏಪ್ರನ್ನಿನಿಂದ, ನನ್ನಿಂದ.

ಆ ಕಾಗದವನ್ನು ಮಲ್ಲಣ್ಣ ಓಣಿಯ ಮಸೀದಿಯ ಕಟ್ಟೆಯ ಮೇಲೆ ನಿಂತು ಕನ್ನಡದಲ್ಲಿ ಓದಿದ. ಶಮ್‌ಶಾದ್ ಅದರ ನಕಲನ್ನು ಚಹಾದ ಅಂಗಡಿಗೆ ತಾನೇ ಒಯ್ದು ಕೊಟ್ಟಳಂತೆ. ಇಲಕಲ್ಲದ ಹುಡುಗನಿಗೆ ಆ ಹೊತ್ತಿಗೆ ಬೇರೆ ಮದುವೆಯಾಗಿ ಕೂಸು ಹುಟ್ಟಿತ್ತು. ಅವಳು ಈಗ ಹೊಲಿಗೆ ಮಾಡುತ್ತಾಳೆ. ದಾರಿಯಲ್ಲಿ ಸಿಕ್ಕರೆ ತಲೆ ಅಲ್ಲಾಡಿಸುತ್ತಾಳೆ, ನಿಲ್ಲುವುದಿಲ್ಲ.

ಅಷ್ಟರಲ್ಲಿ ಸಂಘದ ಎಲ್ಲರಿಗೂ ಮುಂಬಯಿಯಿಂದ ಬಿಲ್ಲೆ ಬಂದಿದ್ದವು. ಸಂಘದ ಸಭೆಯಲ್ಲಿ ನಾನು ಎಲ್ಲ ಹೇಳಿ ಮುಗಿಸಿದೆ. ನನ್ನನ್ನು ಹೊರಗೆ ಹಾಕುತ್ತಾರೆಂದು ಚೀಲ ಎತ್ತಿಕೊಂಡೆ. ಆಗ ಮಲ್ಲಣ್ಣ, “ಕುಂದರಕ್ಕಾ. ಕಳ್ಳನ ಹೆಜ್ಜಿ ಕಳ್ಳಗ ಗೊತ್ತು. ಇನ್ನ ಮ್ಯಾಲೆ ನಮ್ಮೆಲ್ಲಾರ ಬಿಲ್ಲೆ ನೀನ ನೋಡು. ನಿನ್ನ ಕಣ್ಣ ತಪ್ಪಿಸಿ ಯಾವನೂ ಆಟ ಆಡಾಕ ಆಗೂದಿಲ್ಲ” ಎಂದ. ಯಾರೋ ಒಬ್ಬ ನಕ್ಕ, ಆಮೇಲೆ ಎಲ್ಲರೂ ಒಪ್ಪಿದರು. ಈಗ ನಾನು ಗುಳೇದಗುಡ್ಡದಲ್ಲಿ ಕಂಡಿಕೆ ಸುತ್ತುತ್ತೇನೆ, ತಿಂಗಳ ಮೊದಲ ವಾರ ಬಸ್ಸು ಹತ್ತಿ ಬದಾಮಿ, ಹುನಗುಂದ, ಇಲಕಲ್ಲ ಸುತ್ತುತ್ತೇನೆ. ನಿಯಮ ಒಂದೇ. ಬಿಲ್ಲೆ ಹಾಕಿಕೊಳ್ಳುವವನು ಹೊಸ ಫಿಲ್ಮಿನ ನಂಬರನ್ನು ತಾನೇ ಗಟ್ಟಿಯಾಗಿ ಓದಬೇಕು, ನಾನು ಕೇಳಿ ಬರೆದುಕೊಂಡು ಅವನ ಕಣ್ಣ ಮುಂದೆ ಒಳಗೆ ಹಾಕಬೇಕು. ಹಳೆಯದನ್ನು ಅವನೇ ಲಕೋಟೆಗೆ ಹಾಕಿ ಅಂಟಿಸಬೇಕು. ನಿಮ್ಮ ಪುಸ್ತಿಕೆಯನ್ನೂ ತಿದ್ದಿದ್ದೇವೆ. ಕೈಯಿಟ್ಟು ನೋಡಬಾರದು, ಮಗುವನ್ನು ನಾವು ಹಿಡಿಯಬಾರದು ಎಂದು ಮೊದಲ ಪುಟದಲ್ಲಿ ಬರೆದಿದ್ದೇವೆ. ನಿಮ್ಮ ಮಾತನ್ನು ಹೊಡೆದು ಹಾಕುವಾಗ ಕೈ ಬರಲಿಲ್ಲ. ಆದರೂ ಹೊಡೆದು ಹಾಕಿದೆ.

ಎರಡು ತಿಂಗಳ ಹಿಂದೆ ಮುಂಬಯಿಯ ವರದಿಯಲ್ಲಿ ಒಂದು ನಂಬರಿನ ಮುಂದೆ ಮಿತಿ ಮೀರಿದೆ ಎಂದು ಬಂತು. ಮಲ್ಲಣ್ಣನದು. ಇಲಕಲ್ಲಕ್ಕೆ ಹೋಗಿ ಅವನ ಮುಂದೆ ಹಿಡಿದೆ. ಓದಿ ಮುಖ ಸಣ್ಣಗೆ ಮಾಡಿಕೊಂಡ.

“ಅಕ್ಕಾ, ಒಂದ ಸಲ. ಪೋಸ್ಟಿನ್ಯಾಗ ಕಳದೈತಿ ಅನ್ನು. ಹೇಣ್ತಿ ಬಸರಿ ಅದಾಳ, ಈಗ ಮೂರ ತಿಂಗಳ ಚೀಟಿ ಬರಕೋತ ಕುಂಡ್ರಲೇನು? ವಾಪಸ್ ಕೋಣಿಗೆ ತಗೋತಾರ ಅಂತ ಏನ್ ಗ್ಯಾರಂಟಿ?”

“ಆಗೂದಿಲ್ಲ ಮಲ್ಲಣ್ಣಾ.”

“ಹುಸೇನಣ್ಣಗ ಆರ ವರ್ಷ ಮಾಡಿದಿ. ನನಗ ಒಂದ ತಿಂಗಳ ಮಾಡಾಕ ಆಗವಲ್ದು. ಅಂವ ಅಣ್ಣ, ನಾ ಯಾರು?”

ನಾನು ಆ ಕಾಗದವನ್ನು ಅವನ ಕಣ್ಣೆದುರೇ ಅಲ್ಲಿನ ಡಾಕ್ಟರರ ಮೇಜಿನ ಮೇಲೆ ಇಟ್ಟೆ. ಅವತ್ತಿನಿಂದ ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ. ಮೊನ್ನೆ ಹೋದಾಗ ಚೀಟಿಯ ಕಿಟಕಿಯಲ್ಲಿ ಕುಳಿತಿದ್ದ. ಗಂಡು ಕೂಸು ಹುಟ್ಟಿದೆಯಂತೆ, ಎಲ್ಲರಿಗೂ ಪೇಢೆ ಹಂಚುತ್ತಿದ್ದ. ನನ್ನ ಸರದಿ ಬಂದಾಗ ಡಬ್ಬಿ ಮುಚ್ಚಿದ.

ಮುಂದಿನ ತಿಂಗಳಿಗೆ ಅವನ ಮೂರು ತಿಂಗಳು ತುಂಬುತ್ತವೆ. ಕೋಣೆಗೆ ಮರಳಿ ತೆಗೆದುಕೊಳ್ಳುತ್ತೇವೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ, ಹೊಸ ಏಪ್ರನ್ನೂ ಬಂದಿದೆ. ಅವತ್ತು ನಾನು ಮುಂಜಾನೆಯ ಬಸ್ಸಿಗೆ ಹೊರಡುತ್ತೇನೆ, ಅಣ್ಣಾ. ಫಿಲ್ಮನ್ನು ಅವನ ಕೈಗೆ ಕೊಟ್ಟು ಪೆನ್ಸಿಲು ಹಿಡಿದು ಕೂಡುತ್ತೇನೆ. ಮಾತು ಬಿಟ್ಟಿರಲಿ, ನಂಬರನ್ನಂತೂ ಅವನು ಗಟ್ಟಿಯಾಗಿ ಓದಲೇಬೇಕು.

ನೀಲವ್ವ